ಸುಮ್ಮನೆ ಓಡಿದವರ ಗಾಳಿ

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕೇಳುವುದು ಗೋಡೆಗಳ ಬಗ್ಗೆ. ಸುಣ್ಣ ಸುಡುವ ಊರು ಇದು, ಸುಣ್ಣಕ್ಕೆ ಬರವಿಲ್ಲ, ಹಬ್ಬ ಹಬ್ಬಕ್ಕೂ ಬಳಿಯುತ್ತೇವೆ. ಆದರೂ ದೊಡ್ಡ ಓಣಿಯ ಎರಡೂ ಬದಿಯ ಗೋಡೆಗಳ ಮೇಲೆ ಆಳೆತ್ತರದಲ್ಲಿ ಎಣ್ಣೆಜಿಡ್ಡಿನ ದುಂಡನೆಯ ಕಲೆಗಳಿವೆ. ಅವುಗಳ ಕೆಳಗೆ ಸೊಂಟದೆತ್ತರದಲ್ಲಿ ಇನ್ನಷ್ಟು ಚಿಕ್ಕ ಕಲೆಗಳು. ಮೇಲಿನವು ದೊಡ್ಡವರ ಹಣೆಯವು, ಕೆಳಗಿನವು ಮಕ್ಕಳವು. ಎಷ್ಟು ಬಳಿದರೂ ಮತ್ತೆ ಎದ್ದು ಕಾಣುತ್ತವೆ. ಓಡುವವಳು ಓಣಿಗೆ ಬಂದಳೆಂದರೆ ಊರಿಗೆ ಊರೇ ಬೆನ್ನು ತಿರುಗಿಸಿ ಗೋಡೆಗೆ ಹಣೆ ಹಚ್ಚಿ ನಿಲ್ಲುತ್ತಿತ್ತು. ಆ ಓಡುವವಳು ನಾನು, ಫಕೀರವ್ವ. ಈಗ ಊರಲ್ಲಿ ಓಡುವವರಿಲ್ಲ, ಕಲೆಗಳು ಮಾತ್ರ ಉಳಿದಿವೆ.

ಊರು ಇರುವುದು ಬೋಗುಣಿಯ ತಳದಲ್ಲಿ. ಸುತ್ತ ಬೋಳು ಕಲ್ಲುಗುಡ್ಡ, ನಡುವೆ ಸುಣ್ಣದ ಗೂಡುಗಳು. ಗುಡ್ಡದ ಕಲ್ಲು ಒಡೆದು ಇದ್ದಿಲಿನ ಜೊತೆ ಗೂಡಿನಲ್ಲಿ ಪದರು ಪದರಾಗಿ ಒಟ್ಟಿ ಬೆಂಕಿ ಹಾಕಿದರೆ ಅದು ಹಗಲಿರುಳೂ ಉರಿಯುತ್ತದೆ. ಹೊಗೆ ಮೇಲೇರಿ, ಗುಡ್ಡದ ಅಂಚಿಗೆ ತಾಗಿ, ತಿರುಗಿ ನಮ್ಮ ಮೇಲೇ ಕೂರುತ್ತದೆ. ಇಲ್ಲಿ ಗಾಳಿ ತಾನಾಗಿ ಬೀಸುವುದಿಲ್ಲ. ಯಾರಾದರೂ ಸುಮ್ಮನೆ ಓಡಿದರೆ ಅವರ ಬೆನ್ನ ಹಿಂದೆ ಏಳುತ್ತದೆ, ಸಂಜೆಯವರೆಗೆ ಬೀಸಿ ಹೊಗೆಯನ್ನು ಗುಡ್ಡ ದಾಟಿಸುತ್ತದೆ. ಸುಮ್ಮನೆ ಅಂದರೆ ಸುಮ್ಮನೆ. ಬಸ್ಸು ಹಿಡಿಯಲು ಓಡಿದರೆ ಬರುವುದಿಲ್ಲ, ನಾಯಿ ಬೆನ್ನು ಹತ್ತಿದ್ದಕ್ಕೆ ಓಡಿದರೂ ಬರುವುದಿಲ್ಲ. ನಮ್ಮಜ್ಜನ ಕಾಲದಲ್ಲಿ ಗೂಡಿನ ಗೌಡರೊಬ್ಬರು ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿ, ಗೆದ್ದವನಿಗೆ ಬೆಳ್ಳಿ ಕಡಗ ಎಂದು ಓಡಿಸಿದರಂತೆ. ಹುಡುಗರು ಬಾಯಲ್ಲಿ ನೊರೆ ಬರುವಂತೆ ಓಡಿದರು, ಒಂದು ಎಲೆಯೂ ಅಲುಗಲಿಲ್ಲ. ಗೌಡರ ತಮ್ಮ ಬಾರುಕೋಲು ಹಿಡಿದು ಓಡಿಸಿ ನೋಡಿದ. ಆಗಲೂ ಅಷ್ಟೇ. ಆಮೇಲೆ ಊರು ಬುದ್ಧಿ ಕಲಿತು ಒಂದು ಕಟ್ಟಳೆ ಮಾಡಿಕೊಂಡಿತು. ಓಡುವವರನ್ನು ನೋಡಬಾರದು, ಹೊಗಳಬಾರದು, ಯಾಕೆ ಓಡುತ್ತೀ ಎಂದು ಕೇಳಬಾರದು.

ಕಟ್ಟಳೆ ಓಡುವವರಿಗಷ್ಟೇ ನಿಲ್ಲಲಿಲ್ಲ. ಮುಂದೆ ಯಾವ ಮಗು ಓಡುವುದೋ ಯಾರಿಗೆ ಗೊತ್ತು ಎಂದು ಎಲ್ಲ ಮಕ್ಕಳ ಮುಂದೆಯೂ ನಾಲಿಗೆ ಬಿಗಿಹಿಡಿದರು. ಕೂಸು ಮೊದಲ ಹೆಜ್ಜೆ ಇಟ್ಟರೆ ಬೇರೆ ಊರಲ್ಲಿ ಚಪ್ಪಾಳೆ ತಟ್ಟುತ್ತಾರೆ. ನಮ್ಮಲ್ಲಿ ತಾಯಿ ಏನೂ ಆಗದವಳಂತೆ ಜೋಳ ಹಸನು ಮಾಡುತ್ತಾ ಕೂತಿರುತ್ತಾಳೆ. ಶಾಲೆಯಲ್ಲಿ ಆಟದ ಪಿರಿಯಡ್ ಇದೆ, ಪಂದ್ಯವಿಲ್ಲ. ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಗೋಡೆಗೆ ಹಣೆ ಹಚ್ಚುವುದನ್ನು ಕಲಿಸುತ್ತಾರೆ. ಶಭಾಷ್ ಎಂಬ ಮಾತು ನಮ್ಮೂರಲ್ಲಿ ಬೈಗುಳಕ್ಕಿಂತ ಕಡೆ, ಬೈಗುಳವನ್ನಾದರೂ ಬಾಯಿಬಿಟ್ಟು ಬೈಯುತ್ತೇವೆ. ಒಮ್ಮೆ ಸರ್ಕಸ್ಸಿನವರು ಬಂದು ಹಗ್ಗದ ಮೇಲೆ ನಡೆದು ತೋರಿಸಿದರೆ, ನೋಡಿದವರೆಲ್ಲ ಸಪ್ಪೆ ಮುಖ ಮಾಡಿಕೊಂಡು ಎದ್ದು ಹೋದರಂತೆ. ಹೆಣಗಳ ಊರು ಎಂದು ಬೈದು ಸರ್ಕಸ್ಸಿನ ಯಜಮಾನ ಮರುದಿನವೇ ಡೇರೆ ಕಿತ್ತ. ಅವನದೇನೂ ತಪ್ಪಿಲ್ಲ.

ನಾನು ಯಾಕೆ ಓಡಲು ಶುರು ಮಾಡಿದೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಶಾಲೆಯಿಂದ ಬರುವಾಗ ಗೂಡಿನ ಇಳಿಜಾರು ಸಿಗುತ್ತಿತ್ತು. ಇಳಿಯುವಾಗ ಕಾಲು ತಾನೇ ಬಿರುಸಾಗುತ್ತಿತ್ತು, ಕೆಳಗೆ ಬಂದ ಮೇಲೆ ನಿಲ್ಲಿಸಲು ಮನಸ್ಸಾಗುತ್ತಿರಲಿಲ್ಲ. ಅಂಗಾಲಿಗೆ ಸುಣ್ಣದ ಪುಡಿ ಹಿಟ್ಟಿನಂತೆ ನುಣ್ಣಗೆ, ಬೆಚ್ಚಗೆ ತಾಗುತ್ತಿತ್ತು. ಎದೆಯೊಳಗಿಂದ ನಗು ಬರುತ್ತಿತ್ತು, ಹೊಟ್ಟೆ ಹಸಿದದ್ದೂ ಮರೆತುಹೋಗುತ್ತಿತ್ತು. ಅಷ್ಟೇ, ಅದರಲ್ಲಿ ಇನ್ನೇನೂ ಇರಲಿಲ್ಲ. ಒಂದು ದಿನ ಹಾಗೆ ಓಡುವಾಗ ನನ್ನ ಜಡೆ ಮುಂದಕ್ಕೆ ಹಾರಿ ಬಾಯಿಗೆ ಬಂತು. ಬೆನ್ನಿಗೆ ಯಾರೋ ಅಂಗೈ ಇಟ್ಟು ತಳ್ಳಿದ ಹಾಗಾಯಿತು. ತಿರುಗಿ ನೋಡಿದರೆ ಓಣಿಯಲ್ಲಿ ಒಣಹಾಕಿದ್ದ ಸೀರೆಗಳೆಲ್ಲ ಪಟಪಟನೆ ಹಾರುತ್ತಿದ್ದವು. ಊರಲ್ಲಿ ಓಡುವವರಿಲ್ಲದೆ ಬಹಳ ಕಾಲವಾಗಿತ್ತು. ಅದನ್ನು ಗಾಳಿ ಎನ್ನುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ನಾನು ಓಡಿ ಬರುವಾಗ ಚಹಾದಂಗಡಿಯಲ್ಲಿ ಕೂತವರೆಲ್ಲ ಬಸಿ ಕೆಳಗಿಟ್ಟು ಎದ್ದು ಗೋಡೆಗೆ ಹಣೆ ಹಚ್ಚಿದರು. ನನಗೆ ನಗು ಬಂತು, ಶಾಲೆಯಲ್ಲಿ ನಮಗೆ ಕಲಿಸಿದ ಆಟವನ್ನು ದೊಡ್ಡವರೂ ಆಡುತ್ತಿದ್ದಾರೆ ಅಂದುಕೊಂಡೆ. ಅದನ್ನು ಹೇಳಲೆಂದು ಮನೆಯೊಳಗೆ ನುಗ್ಗಿದರೆ, ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ ಹಿಟ್ಟಿನ ಕೈಯಲ್ಲೇ ಎದ್ದು ಒಲೆಯ ಹಿಂದಿನ ಗೋಡೆಗೆ ಮುಖ ಮಾಡಿ ನಿಂತಳು. ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. "ಯವ್ವಾ" ಎಂದೆ. ತಿರುಗಲಿಲ್ಲ. ನನ್ನ ಏದುಸಿರು ಇಳಿಯುವವರೆಗೂ ಹಾಗೇ ನಿಂತಿದ್ದಳು, ಆಮೇಲೆ ಏನೂ ಆಗದವಳಂತೆ ಹೊಸ ರೊಟ್ಟಿ ತಟ್ಟಿದಳು. ಅವತ್ತು ಉಣ್ಣದೆ ಅಳುತ್ತಾ ಮಲಗಿದೆ. ಆಮೇಲೆ ಓಡುವಾಗಿನ ನನ್ನ ಮುಖವನ್ನು ಹೆತ್ತವ್ವನೂ ನೋಡಲಿಲ್ಲ.

ಆದರೆ ಕಾಲಿಗೆ ಇದೆಲ್ಲ ತಿಳಿಯುವುದಿಲ್ಲ, ಓಡುತ್ತಲೇ ಇದ್ದೆ. ಊರು ಉಸಿರಾಡಿತು. ಗಾಳಿ ಬಂದಾಗ ತೂರಿಕೋ ಎನ್ನುವುದು ಬೇರೆ ಕಡೆ ಗಾದೆ, ನಮ್ಮಲ್ಲಿ ದಿನದ ಕೆಲಸ. ನಾನು ಬರುವ ಹೊತ್ತು ನೋಡಿಕೊಂಡು ಹೆಂಗಸರು ಬೆನ್ನು ತಿರುಗಿಸಿಯೇ ಜೋಳ ತೂರುತ್ತಿದ್ದರು. ಹನಮಗೌಡರು ತೂರಿಕೊಂಡದ್ದು ಇನ್ನೂ ಜಾಸ್ತಿ. ಗೂಡುಗಳೆಲ್ಲ ಅವರವೇ. ಗಾಳಿ ಇದೆಯೆಂದು ಐದಿದ್ದ ಗೂಡುಗಳನ್ನು ಏಳು ಮಾಡಿದರು. ನಾನು ವಯಸ್ಸಿಗೆ ಬಂದಾಗ ಮನೆಯವರು ಗೂಡಿನ ಬೆಂಕಿ ನೋಡುವ ಯಮನಪ್ಪನಿಗೆ ನನ್ನನ್ನು ಕೊಟ್ಟರು. ಹೊರಗಿನ ಊರಿಗೆ ಕೊಡುವ ಮಾತೇ ಇರಲಿಲ್ಲ. ಗಂಡ ಒಳ್ಳೆಯವರು, ಕೈ ಎತ್ತಿದವರಲ್ಲ. ಆದರೆ ನಾನು ಓಡಿ ಬಂದ ಮೇಲೆ ಎಲ್ಲಿಗೆ ಹೋಗಿದ್ದೆ ಎಂದು ಒಂದು ದಿನವೂ ಕೇಳಲಿಲ್ಲ. ಅತ್ತೆ ಮಾತ್ರ ಬೆನ್ನು ತಿರುಗಿಸಿಯೇ ಗೊಣಗುತ್ತಿದ್ದಳು. "ಊರಿಗೆ ಉಪಕಾರಿ, ಮನಿಗೆ ಮಾರಿ. ಕಸ ಹೊಡಿಯಾಕ ಹೇಳಿದರ ಕಾಲು ಬರೂದಿಲ್ಲ."

ಬರಬರುತ್ತಾ ನನಗೂ ತಿಳಿಯತೊಡಗಿತು. ಮಾತಾಡದಿದ್ದರೂ ಬೆನ್ನುಗಳು ಹೇಳುತ್ತವೆ. ಜ್ವರ ಬಂದು ಮಲಗಿದರೆ ಜನ ಬಾಗಿಲಾಚೆ ನನಗೆ ಬೆನ್ನು ಮಾಡಿ ಸಾಲಾಗಿ ಕೂರುತ್ತಿದ್ದರು. ಏಳು ಎನ್ನುತ್ತಿರಲಿಲ್ಲ, ಓಡು ಎನ್ನುತ್ತಿರಲಿಲ್ಲ. ಕೂತು ಕೆಮ್ಮುತ್ತಿದ್ದರು. ಆ ಕೆಮ್ಮು ಕಿವಿಯಲ್ಲಿ ಇಟ್ಟುಕೊಂಡು ಓಡುವಾಗ ಇಳಿಜಾರಿನ ಸುಣ್ಣದ ಪುಡಿ ಅಂಗಾಲಿಗೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಗಾಳಿ ತೆಳ್ಳಗಾಯಿತು. ಹಾರುತ್ತಿದ್ದ ಸೀರೆಗಳು ಬರೀ ಸೆರಗು ಅಲ್ಲಾಡಿಸುತ್ತಿದ್ದವು.

ನನ್ನ ಚೊಚ್ಚಲ ಮಗ ಹುಟ್ಟಿದ್ದು ಕೆಟ್ಟ ಬೇಸಿಗೆಯಲ್ಲಿ. ಬಾಣಂತಿಯೆಂದು ನಾನು ಮಲಗಿದ್ದೆ, ಹೊಗೆ ಇಳಿದು ಹೊಸ್ತಿಲವರೆಗೆ ಬಂದಿತ್ತು. ಒಂದು ಮುಂಜಾನೆ ಕೂಸಿನ ಎದೆ ಗೊರಗೊರ ಅನ್ನತೊಡಗಿತು, ತುಟಿಯ ಸುತ್ತ ನೀಲಿ ಕಂಡಿತು. ತಲೆಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದು, ಕೂಸನ್ನು ಅತ್ತೆಯ ಕೈಗೆ ಕೊಟ್ಟು ಓಡಿದೆ. ದೊಡ್ಡ ಓಣಿ, ಗೂಡಿನ ಇಳಿಜಾರು, ಕಲ್ಲು ಒಡೆಯುವ ಕಣಿ, ಮತ್ತೆ ದೊಡ್ಡ ಓಣಿ. ಎದೆಹಾಲು ಸೋರಿ ಕುಪ್ಪಸ ತೊಯ್ದುಹೋಗಿತ್ತು. ಅಷ್ಟು ಜೋರಾಗಿ ನಾನು ಎಂದೂ ಓಡಿರಲಿಲ್ಲ. ಎಲೆ ಅಲುಗಲಿಲ್ಲ. ಊರೆಲ್ಲ ಗೋಡೆಗೆ ಹಣೆ ಹಚ್ಚಿ ನಿಂತಿತ್ತು. ಮಗನಿಗಾಗಿ ಓಡುತ್ತಿದ್ದೇನೆ, ಅದಕ್ಕೇ ಬರುತ್ತಿಲ್ಲ ಎಂದು ಗೊತ್ತಿತ್ತು. ಮಗನನ್ನು ಮರೆ, ಸುಮ್ಮನೆ ಓಡು ಎಂದು ನನಗೆ ನಾನೇ ಹೇಳಿಕೊಂಡೆ. ಚಿಕ್ಕಂದಿನ ಹಾಡು ಹೇಳಿದೆ, ನಗಲು ನೋಡಿದೆ. ಹೆತ್ತವಳು ಹೇಗೆ ಮರೆಯಬೇಕು? ಕಾಲು ಸೋತು ಮನೆಗೆ ಬಂದಾಗ ಅತ್ತೆ ಕೂಸಿಗೆ ಮುಖ ಮುಚ್ಚುವಂತೆ ಬಟ್ಟೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಇನ್ನೂ ಏದುಸಿರು ಬಿಡುತ್ತಿದ್ದೆ, ಅವಳು ಗೋಡೆಗೆ ಮುಖ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯ ಮುಗಿದಿತ್ತು.

ಅದಾದ ಮೇಲೆ ಎಷ್ಟು ಓಡಿದರೂ ನನ್ನ ಹಿಂದೆ ಗಾಳಿ ಏಳಲಿಲ್ಲ. ಬಸುರಿಯರನ್ನು ಗುಡ್ಡದಾಚೆಯ ನೆಂಟರ ಮನೆಗೆ ಕಳಿಸತೊಡಗಿದರು. ಅಂಥ ನೆಂಟರಿಲ್ಲದವರು ತೊಟ್ಟಿಲಿಗೆ ಒದ್ದೆ ಸೀರೆ ಹೊದಿಸಿ ದೇವರ ಮೇಲೆ ಭಾರ ಹಾಕಿದರು. ಕಡೆಗೆ ಹಿರಿಯರು ಹೊರಗಿನಿಂದ ಒಬ್ಬ ಮಾಸ್ತರರನ್ನು ಕರೆಸಿದರು, ಹಾಲಭಾವಿ ಸರ್ ಎಂದು. ದೊಡ್ಡ ಪಂದ್ಯಗಳಲ್ಲಿ ಓಡುವವರು ಹುರುಪು ಕಳೆದುಕೊಂಡರೆ ಅವರ ಮನಸ್ಸನ್ನು ಸರಿಮಾಡುವ ವಿದ್ಯೆ ಓದಿದವರಂತೆ. ತೆಳ್ಳಗಿನ ಮನುಷ್ಯ, ಕ್ಯಾನ್ವಾಸ್ ಬೂಟು. ಬಂದ ದಿನವೇ ಜೊತೆಗೆ ಓಡುತ್ತೇನೆಂದು ಹೊರಟು, ಓಡುತ್ತಲೇ ನನ್ನ ಮುಖ ನೋಡಿ ಮಾತಾಡಿಸಿದರು. ಎಷ್ಟೋ ವರ್ಷಗಳ ಮೇಲೆ ಹಾಗೆ ಒಬ್ಬರು ನೋಡಿದರೆಂದು ನಾನು ಮುಂದೆ ಓಡಲಾರದೆ ನಿಂತುಬಿಟ್ಟೆ.

"ಫಕೀರವ್ವಾ, ಮನಸ್ಸು ತಾನಾಗೇ ಒಂದು ಕೆಲಸ ಮಾಡಬೇಕಾದರ ಮೂರು ಬೇಕಾಗ್ತಾವು," ಎಂದರು. ಇಳಿಜಾರಿನ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದೆವು. "ಇದು ನನ್ನ ಇಚ್ಛಾ ಅನಿಸಬೇಕು. ಇದು ನನಗ ಬರ್ತೈತಿ ಅನ್ನೋ ಧೈರ್ಯ ಬೇಕು. ಮತ್ತ ಯಾರರ ಜೋಡಿ ಇರಬೇಕು. ಆ ಮೂರನೇದನ್ನ ಈ ಊರು ನಿನಗ ಒಂದು ದಿನಾನೂ ಕೊಟ್ಟಿಲ್ಲ."

"ಹೊಗಳಿದರ ಗಾಳಿ ನಿಂದ್ರತೈತ್ರಿ ಸರ. ಅದಕ್ಕ ಅವರು ತಿರುಗಿ ನಿಂದ್ರತಾರ."

"ಹೊಗಳೂದು ಬ್ಯಾರೆ, ಜೋಡಿ ಇರೂದು ಬ್ಯಾರೆ. ಊರಿಗೆ ಊರ ಕೆಲಸ ಬಿಟ್ಟು ಬೆನ್ನು ತಿರುವಿ ನಿಂತರ ಅದೇನು ಸಣ್ಣ ಹೊಗಳಿಕಿ ಆತೇನು? ಕಡಗಾ ಕೊಡೂದಕ್ಕಿಂತ ಅದ ದೊಡ್ಡ ಭಾರ."

ಅವರು ಏನೇನೋ ಮಾಡಿ ನೋಡಿದರು. ದಾರಿಯನ್ನು ನೀನೇ ಆರಿಸಿಕೋ ಎಂದರು. ಸುಣ್ಣದಲ್ಲಿ ಗೆರೆ ಎಳೆದು ಇವತ್ತು ಇಲ್ಲಿಯವರೆಗೆ, ನಾಳೆ ಅಲ್ಲಿಯವರೆಗೆ ಎಂದರು. ಮನಸ್ಸಿನಲ್ಲೇ ನಿನ್ನ ಜೊತೆ ನೀನು ಮಾತಾಡಿಕೋ ಎಂದರು. ಯಾವುದಕ್ಕೂ ಗಾಳಿ ಬಗ್ಗಲಿಲ್ಲ. ಕಡೆಗೆ ಬೇಸತ್ತು, "ಇನ್ನ ಓಡಬ್ಯಾಡ. ಓಡಾಕ ಬರೂದಿಲ್ಲ ಅಂತ ತಿಳ್ಕೊಂಡು ಆರಾಮ ಮನ್ಯಾಗ ಇರು," ಎಂದರು. ನಾನು ಹಾಗೇ ಇದ್ದೆ. ಹಲವು ತಿಂಗಳಾಯಿತು, ಸರ್ ಊರಲ್ಲೇ ಕಾದರು. ಒಂದು ಮಧ್ಯಾಹ್ನ ನಮ್ಮ ಎಮ್ಮೆಯ ಕರು ಹಗ್ಗ ಹರಿದುಕೊಂಡು, ಬಾಲ ಎತ್ತಿ ಓಣಿಯಲ್ಲಿ ಕುಣಿಯುತ್ತಾ ಓಡಿತು. ಕೊರಳಿನ ಹಗ್ಗದ ತುಂಡು ಅದರ ಮೂಗಿಗೇ ಬಡಿದು, ಅದು ಬೆದರಿ ಇನ್ನಷ್ಟು ಕುಣಿಯುತ್ತಿತ್ತು. ನನಗೆ ತಡೆಯಲಾರದ ನಗು. ನಗುತ್ತಾ ಅದರ ಹಿಂದೆ ಓಡಿದೆ, ಅದನ್ನು ಹಿಡಿಯಬೇಕೆಂಬುದು ಮರೆತುಹೋಗಿ ಅದರ ಪಕ್ಕಕ್ಕೇ ಓಡಿದೆ. ಸೆರಗು ಹಾರಿ ಮುಖಕ್ಕೆ ಬಡಿಯಿತು. ಸರಿಸಿ ನೋಡಿದರೆ ಹೊಗೆ ಸೀಳಿ ಬಿಸಿಲು ಬಿದ್ದಿತ್ತು, ಓಣಿಯ ಉದ್ದಕ್ಕೂ ಜನ ತರಾತುರಿಯಲ್ಲಿ ಗೋಡೆಗೆ ಹಣೆ ಹಚ್ಚುತ್ತಿದ್ದರು. ಕಾಲು ಅಲ್ಲೇ ನಿಂತಿತು, ಗಾಳಿಯೂ ನಿಂತಿತು. ಹಾಲಭಾವಿ ಸರ್ ಒಬ್ಬರೇ ಚಹಾದಂಗಡಿಯ ಮುಂದೆ ನನ್ನ ಕಡೆ ಮುಖ ಮಾಡಿ ನಿಂತಿದ್ದರು. ಅವರ ಕಣ್ಣಲ್ಲಿ ನೀರಿತ್ತು.

ಅವತ್ತೇ ಸಂಜೆ ಅವರು ಹಿರಿಯರನ್ನು ಕೂರಿಸಿಕೊಂಡು ಹೇಳಿದರು. "ಅಕಿ ಕಡಿಂದ ಇನ್ನ ಆಗೂದಿಲ್ಲ. ಮತ್ತೊಬ್ಬರು ಬಂದರೂ ಅವರನ್ನೂ ನೀವು ಹಿಂಗ ಮಾಡ್ತೀರಿ. ಗೌಡ್ರ, ನಾಕು ಗೂಡು ಆರಿಸ್ರಿ. ಹೊಗಿ ಅಷ್ಟು ಕಮ್ಮಿ ಆದರ ಗಾಳಿ ಯಾಕ ಬೇ‌ಕು?" ಗೌಡರು ನಕ್ಕರು, ಅವರು ನಕ್ಕರೆಂದು ಎಲ್ಲರೂ ನಕ್ಕರು. "ಸರ, ನಿಮ್ಮನ್ನ ಕರಸಿದ್ದು ಓಡಸಾಕ, ಗೂಡು ನಂದಸಾಕಲ್ಲ," ಎಂದರು. ಮರುದಿನ ಒಂದು ಚೀಲ ಸುಣ್ಣ ಕಾಣಿಕೆ ಕೊಟ್ಟು ಬಸ್ಸು ಹತ್ತಿಸಿದರು.

ಕಸ್ತೂರಿ ಆಮೇಲೆ ಹುಟ್ಟಿದವಳು. ಅವಳನ್ನು ಹೆತ್ತದ್ದು ಗುಡ್ಡದಾಚೆ ನನ್ನ ಚಿಗವ್ವನ ಊರಲ್ಲಿ, ಬೆಳೆಯಲು ಬಿಟ್ಟದ್ದೂ ಅಲ್ಲೇ. ಅಲ್ಲಿ ಗಾಳಿ ಯಾರ ಹಂಗೂ ಇಲ್ಲದೆ ಬೀಸುತ್ತದೆ. ಚಿಗವ್ವ ತೀರಿಕೊಂಡ ಮೇಲೆ ಬೇರೆ ದಾರಿಯಿಲ್ಲದೆ ಕರೆತಂದು ಒಂದನೇ ಇಯತ್ತೆಗೆ ಹಾಕಿದೆ. ಬಂದ ದಿನ ಓಣಿಯ ಕಲೆಗಳನ್ನು ನೋಡಿ, ಏನಿದು ಎಂದು ಕೇಳಿ, ತನ್ನ ಹಣೆಯನ್ನು ಒಂದು ಚಿಕ್ಕ ಕಲೆಗೆ ಸರಿಯಾಗಿ ಕೂರಿಸಿ ನನ್ನತ್ತ ತಿರುಗಿ ನಕ್ಕಳು. ಕೈ ಹಿಡಿದು ಎಳೆದುಕೊಂಡು ಬಂದೆ. ಓಣಿಯಲ್ಲಿ ಕುಣಿಯಬಾರದು, ನಡೆದೇ ಶಾಲೆಗೆ ಹೋಗಬೇಕು ಎಂದು ಹೇಳಿಟ್ಟೆ. ಆರು ವರ್ಷದ ಕೂಸಿಗೆ ಎಷ್ಟು ದಿನ ನೆನಪಿರುತ್ತದೆ?

ಒಂದು ದಿನ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ನೀರಿನಲ್ಲಿ ನನ್ನ ನೆರಳು ಕಡುಕಪ್ಪಾಗಿ ಬಿತ್ತು. ನಮ್ಮೂರಲ್ಲಿ ಅಂಥ ನೆರಳು ಬಿದ್ದು ವರ್ಷಗಳಾಗಿತ್ತು. ತಲೆ ಎತ್ತಿದರೆ ಹೊಗೆ ಚಾಪೆ ಸುತ್ತಿದಂತೆ ಗುಡ್ಡದ ಕಡೆ ಸರಿಯುತ್ತಿತ್ತು, ಇಳಿಜಾರಿನಿಂದ ನನ್ನ ಮಗಳು ಪಾಟಿಚೀಲವನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಓಡಿ ಬರುತ್ತಿದ್ದಳು. ಊರು ಗೋಡೆಯತ್ತ ತಿರುಗಿತು. ಹನಮಗೌಡರು ಮೋಟಾರ್‌ಸೈಕಲ್ ನಿಲ್ಲಿಸಿ, ಇಳಿದು, ರುಮಾಲು ಮೇಲೆ ಸರಿಸಿ ಗೋಡೆಗೆ ಹಣೆ ಹಚ್ಚಿದರು. ನಾನೊಬ್ಬಳು ತಿರುಗಲಿಲ್ಲ, ಅವಳ ಮುಖ ನೋಡಿದೆ. ಬಾಯಿ ಅರ್ಧ ತೆರೆದಿತ್ತು. ಕಣ್ಣು ಏನನ್ನೂ ನೋಡುತ್ತಿರಲಿಲ್ಲ, ಎಲ್ಲವನ್ನೂ ನೋಡುತ್ತಿತ್ತು. ನನ್ನ ಮುಖವೂ ಒಂದು ಕಾಲಕ್ಕೆ ಹೀಗಿತ್ತೇನೋ, ಹೇಳುವವರು ಯಾರೂ ಇಲ್ಲ. ಅಷ್ಟು ಚೆಂದದ್ದನ್ನು ನಾನು ಮತ್ತೆ ಕಂಡಿಲ್ಲ. ಕಂಡು ಹೆದರಿ ಕೈಯಲ್ಲಿದ್ದ ಚರಿಗೆ ಬಿಟ್ಟುಬಿಟ್ಟೆ.

ಗಂಡ ಗೂಡಿನಿಂದ ಬಂದವರು ಮುಖ ತೊಳೆಯದೆ ಕಟ್ಟೆಯ ಮೇಲೆ ಕೂತು, "ಕಂಡ್ಯಾ?" ಎಂದರು.

"ಕಂಡೆ."

"ಊರಿಗೆ ಉಸುರು ಬಂತು."

"ಅಕಿಗೆ?"

"ಅಕಿಗೇನಾಗೇತಿ? ಆಡಾಕತ್ತಾಳ."

"ನಾನೂ ಆಡಾಕತ್ತಿದ್ದೆ. ನಾಳೆ ಅಕಿಗೂ ಒಂದು ಕೂಸಾಗ್ತೈತಿ. ಅದರ ತುಟಿ ನೀಲಿ ಆದ ದಿನ ಅಕಿನೂ ಓಡ್ತಾಳ. ಗಾಳಿ ಬರೂದಿಲ್ಲ."

"ಅದಕ್ಕ ಈಗ ಊರ ಮಕ್ಕಳು ಸಾಯಬೇಕೇನು?"

"ಮಕ್ಕಳನ್ನ ಸಾಯಿಸೂದು ಗೂಡು. ನನ್ನ ಮಗಳಲ್ಲ."

"ಗೂಡು ಆರಿದರ ಉಣ್ಣೂದೇನು, ಸುಣ್ಣಾನ?"

ಮಗಳನ್ನು ಕರೆದುಕೊಂಡು ಊರು ಬಿಡಬಹುದಿತ್ತಲ್ಲ ಎನ್ನುತ್ತೀರಿ. ಬಿಡಲು ಹೋದೆ. ನಮ್ಮೂರಲ್ಲಿ ಯಾರೂ ಯಾರನ್ನೂ ಅಡ್ಡಗಟ್ಟುವುದಿಲ್ಲ, ಅಂಥ ಒರಟರಲ್ಲ. ಓಡುವವರ ಮನೆಯವರು ನಿಂತಲ್ಲಿ ಬಸ್ಸು ನಿಲ್ಲುವುದಿಲ್ಲ, ಅಷ್ಟೇ. ಗುಡ್ಡದ ದಾರಿ ಹಿಡಿದರೆ ಕಣಿಯಲ್ಲಿ ಕಲ್ಲು ಒಡೆಯುವವರೆಲ್ಲ ಬೆನ್ನು ಮಾಡಿ ದಾರಿಯ ತುಂಬ ಕೂತಿದ್ದರು. ಮಗಳನ್ನು ಎತ್ತಿಕೊಂಡು ವಾಪಸು ಬಂದೆ. ಬರುವಾಗ ಕಿರಾಣಿ ಅಂಗಡಿಯಲ್ಲಿ ಬತ್ತಾಸು ಕೊಂಡೆ.

ಮರುದಿನ ಶಾಲೆ ಬಿಡುವ ಹೊತ್ತಿಗೆ ಚಹಾದಂಗಡಿಯ ಮುಂದೆ, ಓಣಿಯ ನಟ್ಟನಡುವೆ ಹೋಗಿ ನಿಂತೆ. ಕಸ್ತೂರಿ ಓಡಿ ಬಂದಳು, ಹಿಂದೆ ಗಾಳಿ ಬಂತು, ಜನ ಗೋಡೆಗೆ ತಿರುಗಿದರು. ಅವಳ ತೋಳು ಹಿಡಿದು ನಿಲ್ಲಿಸಿ, ಕುಕ್ಕರಗಾಲಲ್ಲಿ ಕೂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಶಭಾಷ್ ಮಗಳ. ಭಾಳ ಚಂದ ಓಡಿದಿ. ತಗೋ ಬತ್ತಾಸ."

ಗೋಡೆಯ ಉದ್ದಕ್ಕೂ ಬೆನ್ನುಗಳು ಸೆಟೆದುಕೊಂಡವು. "ಏ ಫಕೀರವ್ವಾ, ಬಾಯಿ ಮುಚ್ಚು" ಎಂದು ಯಾರೋ ಗೋಡೆಗೇ ಹೇಳಿದರು. ತಿರುಗಿ ನನ್ನನ್ನು ತಡೆಯಬೇಕೆಂದರೆ ಅವಳನ್ನು ನೋಡಬೇಕಾಗುತ್ತಿತ್ತು, ಕಟ್ಟಳೆ ಮುರಿಯುವ ಧೈರ್ಯ ಒಬ್ಬರಿಗೂ ಇರಲಿಲ್ಲ.

"ಯಾಕ ಕೊಟ್ಟಿ?" ಎಂದಳು ಮಗಳು, ಬತ್ತಾಸು ಅಂಗೈಯಲ್ಲಿ ಹಿಡಿದುಕೊಂಡೇ.

"ಓಡಿದ್ದಕ್ಕ. ನಾಳೆನೂ ಓಡು, ಎರಡು ಕೊಡ್ತೀನಿ."

ಅವಳು ಒಮ್ಮೆ ಇಳಿಜಾರನ್ನು, ಒಮ್ಮೆ ಬತ್ತಾಸನ್ನು ನೋಡಿದಳು. ಆಮೇಲೆ ಬಾಯಿಗೆ ಹಾಕಿಕೊಂಡಳು.

ದಿನಾ ಹೋಗಿ ನಿಂತೆ, ದಿನಾ ಶಭಾಷ್ ಎಂದೆ, ದಿನಾ ಕೊಟ್ಟೆ. ಮೊದಮೊದಲು ಅವಳು ಓಡುವ ಹುರುಪಿನಲ್ಲಿ ನನ್ನನ್ನು ದಾಟಿಯೇ ಹೋಗುತ್ತಿದ್ದಳು, ಕರೆದು ಕೊಡಬೇಕಾಗುತ್ತಿತ್ತು. ಆಮೇಲೆ ಬರುವಾಗಲೇ ನನ್ನ ಕೈ ನೋಡುತ್ತಾ ಬಂದಳು. ಆಮೇಲೆ ಇಳಿಜಾರಿನ ಮೇಲೆ ನಿಂತು ನಾನು ಬಂದಿದ್ದೇನೆಯೇ ಎಂದು ನೋಡಿಕೊಂಡು ಓಟ ಶುರು ಮಾಡಿದಳು. ಚಹಾದಂಗಡಿಯಿಂದ ಆಚೆಗೆ ಒಂದು ಹೆಜ್ಜೆಯನ್ನೂ ಓಡುತ್ತಿರಲಿಲ್ಲ. ಗಾಳಿ ದಿನದಿನಕ್ಕೆ ಸೊರಗಿತು. ಒಂದು ದಿನ ನನ್ನ ಸೆರಗಿನ ಗಂಟಿನಲ್ಲಿ ಒಂದೇ ಬತ್ತಾಸಿತ್ತು. "ಎರಡು ಅಂದಿದ್ದಿ," ಎಂದು ಮುಖ ಊದಿಸಿಕೊಂಡಳು. ಅವತ್ತು ಸೀರೆಯ ಅಂಚೂ ಅಲುಗಿರಲಿಲ್ಲ. ಕೆಲಸ ಆಯಿತು ಎಂದುಕೊಂಡೆ. ಮನೆಗೆ ಬಂದು ಒಲೆಯ ಮುಂದೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಮಗಳು ಹೊರಗೆ ಕಟ್ಟೆಯ ಮೇಲೆ ಕಾಲು ಆಡಿಸುತ್ತಾ ಕೂತಿದ್ದಳು.

ಹೊಗೆ ಇಳಿಯಿತು. ಊರು ನಮ್ಮ ಮನೆಗೆ ಹಾಲು ನಿಲ್ಲಿಸಿತು, ನಲ್ಲಿಯಲ್ಲಿ ನನ್ನ ಕೊಡ ಹಿಂದಕ್ಕೆ ಸರಿಸಿತು. ಗಂಡ ನನ್ನ ಜೊತೆ ಮಾತು ಬಿಟ್ಟರು. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ಶಾರವ್ವ ಎಂದು ನನ್ನ ಓರಗೆಯವಳು, ಶಾಲೆಗೆ ಜೊತೆಯಲ್ಲಿ ಹೋದವಳು, ಗಾಳಿ ಬಂತೆಂದು ನಂಬಿ ಗುಡ್ಡದಾಚೆಗೆ ಹೋಗದೆ ಇಲ್ಲೇ ಹೆತ್ತಿದ್ದಳು. ಅವಳ ಕೂಸು ತೀರಿಕೊಂಡಿತು. ಮಣ್ಣು ಮಾಡಿದ ಮರುದಿನ ಬಂದು ನಮ್ಮ ಬಾಗಿಲಲ್ಲಿ ನಿಂತು ನನ್ನನ್ನು ನೆಟ್ಟಗೆ ನೋಡಿದಳು.

"ನಿನ್ನ ಕೂಸು ಹೋದಾಗ ನಾ ಅತ್ತಿದ್ದೆ, ಫಕೀರವ್ವ."

"ಗೊತ್ತೈತಿ."

"ಅಷ್ಟ ಹೇಳಾಕ ಬಂದೆ," ಎಂದು ಹೋದಳು.

ಆ ಕೂಸಿನ ಸಾವು ನನ್ನ ತಲೆಯ ಮೇಲಿದೆ. ಗೂಡಿನ ಮೇಲೆ, ಗೌಡರ ಮೇಲೆ, ಊರಿನ ಮೇಲೆ ಎಷ್ಟು ಹಾಕಿದರೂ ನನ್ನ ಪಾಲು ಉಳಿಯುತ್ತದೆ, ಇಲ್ಲವೆನ್ನುವುದಿಲ್ಲ. ಉಡಿಯಲ್ಲಿ ಕೆಂಡ ಕಟ್ಟಿಕೊಂಡಂತೆ ಅದನ್ನು ಹೊತ್ತು ತಿರುಗುತ್ತಿದ್ದೇನೆ. ಮತ್ತೆ ಅದೇ ದಿನ ಬಂದರೂ ಬತ್ತಾಸು ಕೊಳ್ಳುತ್ತಿದ್ದೆ. ಇದನ್ನು ಶಾರವ್ವನಿಗೆ ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಆಮೇಲೆ ಹನಮಗೌಡರ ಮೊಮ್ಮಗನ ತುಟಿ ನೀಲಿಯಾಯಿತು. ಸಾಯಲಿಲ್ಲ, ನೀಲಿಯಾಯಿತು ಅಷ್ಟೇ. ಬಡವರ ಕೂಸುಗಳು ಹೋದಾಗ ತಲೆತಲಾಂತರ ಗಾಳಿಗೆ ಕಾದ ಊರು, ಗೌಡರ ಮೊಮ್ಮಗ ನೀಲಿಯಾದ ಮರುದಿನ ಮುಂಜಾನೆ ಐದು ಗೂಡುಗಳಿಗೆ ಇದ್ದಿಲು ಹಾಕುವುದನ್ನು ನಿಲ್ಲಿಸಿತು. ಹಾಲಭಾವಿ ಸರ್ ಹೇಳಿದ್ದಕ್ಕಿಂತ ಒಂದು ಹೆಚ್ಚೇ. ಗೂಡು ತಣ್ಣಗಾಗಲು ಬಹಳ ದಿನ ಹಿಡಿಯಿತು, ಆಮೇಲೆ ಮಾಡು ತೆಗೆದಿಟ್ಟ ಹಾಗೆ ಆಕಾಶ ಕಂಡಿತು. ಅರ್ಧ ಊರು ಕೆಲಸವಿಲ್ಲದೆ ಗುಳೆ ಹೋಯಿತು. ನನ್ನ ಗಂಡ ಗುಡ್ಡದಾಚೆ ಲಾರಿಗೆ ಕಲ್ಲು ಹೇರುವ ಕೆಲಸಕ್ಕೆ ಹೋಗುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ, ಈಗ ಒಂದೆರಡು ಮಾತಾಡುತ್ತಾರೆ. ಗೌಡರು ಒಮ್ಮೆ ಓಣಿಯಲ್ಲಿ ಎದುರಾಗಿ, "ಸಮಾಧಾನ ಆತೇನಬೇ ನಿನಗ?" ಎಂದು ಕೇಳಿದರು. "ಇಲ್ರಿ ಗೌಡ್ರ," ಎಂದೆ. ಅದು ನಿಜವೂ ಆಗಿತ್ತು.

ಮೊನ್ನೆ ಸಂಜೆ ಕಸ್ತೂರಿಯನ್ನು ಕರೆದುಕೊಂಡು ಇಳಿಜಾರಿಗೆ ಹೋದೆ. ಆರಿದ ಗೂಡುಗಳು, ಅವುಗಳ ನೆರಳು, ಸುತ್ತ ಒಬ್ಬರೂ ಇಲ್ಲ. ಇನ್ನು ಇಲ್ಲಿ ಯಾರಿಗೂ ಅವಳ ಓಟ ಬೇಕಾಗಿಲ್ಲ, ಗಾಳಿ ಬಂದರೂ ಸರಿ, ಬಾರದಿದ್ದರೂ ಸರಿ. ಸುಣ್ಣದ ಪುಡಿ ಬಿಸಿಲಿಗೆ ಇನ್ನೂ ಬೆಚ್ಚಗಿತ್ತು. ಅವಳ ಚಪ್ಪಲಿ ಬಿಡಿಸಿ, "ಓಡ್ತಿಯೇನ?" ಎಂದೆ.

ಅವಳು ನನ್ನ ಕೈ ನೋಡಿದಳು, ಸೆರಗಿನ ಗಂಟು ನೋಡಿದಳು. "ಏನ ಕೊಡ್ತಿ?"

"ಏನಿಲ್ಲ. ಸುಮ್ಮನ ಓಡು."

ಲೆಕ್ಕ ಬಿಡಿಸುವಾಗ ಮಾಡುವಂತೆ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಹಟವಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು. "ಸುಮ್ಮನ ಯಾಕ ಓಡಬೇಕು?"

ನಮ್ಮೂರಲ್ಲಿ ಯಾರೂ ಯಾರನ್ನೂ ಕೇಳದ ಮಾತು ಅದು. ಮಾತಿನಲ್ಲಿ ಹೇಳಲು ಬರುವುದಿಲ್ಲವೆಂದು ಸೀರೆ ಎತ್ತಿ ಕಟ್ಟಿ ನಾನೇ ಓಡಿದೆ. ಮಂಡಿ ನೋಯುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ, ಆದರೂ ಅಂಗಾಲಿಗೆ ಆ ಪುಡಿ ತಾಗಿದ್ದು ಗೊತ್ತಾಯಿತು. ನೋಡು, ಇದಕ್ಕೆ ಎಂದು ಅವಳಿಗೆ ಕೂಗಿ ಹೇಳಬೇಕೆನಿಸಿತು. ಇಳಿಜಾರಿನ ಕೊನೆ ಮುಟ್ಟಿ, ಏದುಸಿರು ಬಿಡುತ್ತಾ, ನಗುತ್ತಾ ತಿರುಗಿ ನೋಡಿದೆ. ನನ್ನ ಮಗಳು ನನಗೆ ಬೆನ್ನು ಮಾಡಿ, ಆರಿದ ಗೂಡಿನ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.